ಸ್ಟೀಲ್ ಫ್ಲೈಓವರ್ ಬೇಡ ಚಳವಳಿ

ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟುವ ಸರ್ಕಾರಿ ಯೋಜನೆಯ ವಿರುದ್ಧ 2016ರಲ್ಲಿ ಎದ್ದ ನಾಗರಿಕ ಹೋರಾಟ. ಸುಮಾರು 1,791 ಕೋಟಿ ರೂ. ವೆಚ್ಚದ ಸೇತುವೆಗೆ 812 ಮರ ಕಡಿಯಬೇಕಿತ್ತು. ದುಡ್ಡಿನ ಲೆಕ್ಕಕ್ಕಿಂತ ಮರದ ಲೆಕ್ಕವೇ ಜನರನ್ನು ಹೆಚ್ಚು ಕೆಣಕಿತು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಮಂದಿ ‘ಬೇಡ’ ಎಂಬ ಫಲಕ ಹಿಡಿದು ರಸ್ತೆಬದಿಯಲ್ಲಿ ಮಾನವ ಸರಪಳಿ ಕಟ್ಟಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ಬೇಡ ಎನ್ನುವುದು ಸುಲಭ, ಏನು ಬೇಕೆಂದು ಹೇಳುವುದು ಕಷ್ಟ. ಹೋರಾಟದ ಮುಂಚೂಣಿಯಲ್ಲಿದ್ದ ‘ಸಿಟಿಜನ್ಸ್ ಫಾರ್ ಬೆಂಗಳೂರು’ ವೇದಿಕೆ ‘ಚುಕುಬುಕು ಬೇಕು’ ಎಂದು ಉಪನಗರ ರೈಲಿಗೂ ಪಟ್ಟು ಹಿಡಿಯಿತು. 148 ಕಿ.ಮೀ.ಗಳ ಆ ಜಾಲಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು 2020ರಲ್ಲಿ. ಶಂಕುಸ್ಥಾಪನೆ ನಡೆದದ್ದು 2022ರ ಜೂನ್ 20ರಂದು.