ಒಂದು ನೀಹಾರಿಕೆಯ ಚಿತ್ರಚರಿತ್ರೆ

ಕಾರ್ತಿಕ ಮಾರ್ಗಶಿರ ಮಾಸಗಳಲ್ಲಿ ಚಂದ್ರನಿಲ್ಲದ ರಾತ್ರಿ, ಊರ ದೀಪಗಳ ಬೆಳಕು ತಾಗದ ಬಯಲಿನಲ್ಲಿ ನಿಂತು ನೆತ್ತಿಯಿಂದ ತುಸು ಉತ್ತರಕ್ಕೆ ದೃಷ್ಟಿಯನ್ನು ಹಾಯಿಸಿದವರಿಗೆ, ಉತ್ತರಾಭಾದ್ರಾ ನಕ್ಷತ್ರದಿಂದ ಅನತಿದೂರದಲ್ಲಿ, ಉಸಿರು ತಾಗಿದ ಕನ್ನಡಿಯ ಮೇಲಣ ಮಬ್ಬಿನಂತಹ ಒಂದು ಬೆಳ್ಳನೆಯ ಕಲೆಯು ಕಾಣಬರುವುದು. ಪಾರಸಿಕ ಜ್ಯೋತಿರ್ವಿದನಾದ ಅಲ್-ಸೂಫಿಯು ಕ್ರಿ. ಶ. ೯೬೪ರ ಸುಮಾರಿನಲ್ಲಿಯೇ ಇದನ್ನು ಒಂದು ಚಿಕ್ಕ ಮೋಡವೆಂದು ಬರೆದಿಟ್ಟಿದ್ದನು. ಪಾಶ್ಚಾತ್ಯರು ಆಂಡ್ರೊಮೆಡಾ ಎಂದೂ, ಕನ್ನಡದ ಖಗೋಳ ಗ್ರಂಥಕಾರರಲ್ಲಿ ಕೆಲವರು ದ್ರೌಪದಿ ಎಂದೂ ಕರೆಯುವ ನಕ್ಷತ್ರಪುಂಜದಲ್ಲಿ ಇರುವುದರಿಂದ ಇದಕ್ಕೆ ಆಂಡ್ರೊಮೆಡಾ ನೀಹಾರಿಕೆಯೆಂದು ಹೆಸರಾಯಿತು. ದೂರದರ್ಶಕವು ಬಂದ ಮೇಲೆಯೂ ಎರಡೂವರೆ ಶತಮಾನಗಳ ಕಾಲ ಇದರ ನಿಜರೂಪವು ಯಾರಿಗೂ ತಿಳಿಯಲಿಲ್ಲ. ಅದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವನು ಯಾವ ವೇಧಶಾಲೆಯ ಅಧಿಕಾರಿಯೂ ಅಲ್ಲ. ಲಿವರ್‌ಪೂಲಿನಲ್ಲಿ ಮನೆಗಳನ್ನು ಕಟ್ಟಿಸಿಕೊಟ್ಟು ಹಣ ಸಂಪಾದಿಸಿದ ಒಬ್ಬ ಗೃಹಸ್ಥನು.

ಐಸಾಕ್ ರಾಬರ್ಟ್ಸ್ ಎಂಬ ಈತನು ೧೮೨೯ರಲ್ಲಿ ವೇಲ್ಸ್ ಸೀಮೆಯಲ್ಲಿ ಹುಟ್ಟಿದವನು. ಐವತ್ತು ದಾಟಿದ ಮೇಲೆ, ಇತರರು ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ, ಆಕಾಶದ ಛಾಯಾಚಿತ್ರವನ್ನು ತೆಗೆಯುವ ಹುಚ್ಚು ಆತನಿಗೆ ಹಿಡಿಯಿತು. ಹುಚ್ಚೆಂಬ ಮಾತು ಇಲ್ಲಿ ನಿಂದೆಯಲ್ಲ. ಆತನಿಗೆ ದಾರಿಯನ್ನು ತೆರೆದಿಟ್ಟವನು ಆಂಡ್ರ್ಯೂ ಕಾಮನ್ ಎಂಬ ಎಂಜಿನಿಯರನು, ಇವನೂ ಹವ್ಯಾಸಿಯೇ. ಲಂಡನ್ನಿನ ಬಳಿ ತನ್ನ ಮನೆಯ ತೋಟದಲ್ಲಿ ಮೂವತ್ತಾರು ಅಂಗುಲದ ದರ್ಪಣದ ದೂರದರ್ಶಕವನ್ನು ನಿಲ್ಲಿಸಿ, ೧೮೮೩ರಲ್ಲಿ ಮೃಗಶಿರದ ಕೆಳಗಿರುವ ಓರಿಯನ್ ನೀಹಾರಿಕೆಯ ಚಿತ್ರವನ್ನು ತೆಗೆದಾಗ, ಅದೇ ಯಂತ್ರದೊಳಗಿಂದ ಕಣ್ಣಿಗೆ ಕಾಣದಿದ್ದ ನಕ್ಷತ್ರಗಳು ಗಾಜಿನ ಫಲಕದ ಮೇಲೆ ಮೂಡಿದ್ದುವು. ಅದಕ್ಕೆ ಕಾರಣವು ಸರಳವಾದುದು. ಕಣ್ಣು ಬೆಳಕನ್ನು ಕೂಡಿಡಲಾರದು. ಒಂದು ಕ್ಷಣದಲ್ಲಿ ಬಿದ್ದುದನ್ನು ಮರುಕ್ಷಣದಲ್ಲಿ ಮರೆಯುವುದು. ಫಲಕವಾದರೋ ಹನಿಗೂಡಿದರೆ ಹಳ್ಳವೆಂಬ ಗಾದೆಯಂತೆ, ಎಷ್ಟು ಹೊತ್ತು ತೆರೆದಿಟ್ಟರೆ ಅಷ್ಟು ಬೆಳಕನ್ನು ಸಂಗ್ರಹಿಸುವುದು. ಆದರೆ ಭೂಮಿಯು ತಿರುಗುತ್ತಿರುವುದರಿಂದ ನಕ್ಷತ್ರವು ಒಂದೆಡೆ ನಿಲ್ಲದು. ಗಡಿಯಾರದ ಚಕ್ರಗಳಿಂದ ಯಂತ್ರವನ್ನು ಅದರ ಹಿಂದೆಯೇ ತಿರುಗಿಸುತ್ತ, ಚಕ್ರಗಳು ತಪ್ಪಿದಲ್ಲಿ ಕೈಯಿಂದ ತಿದ್ದುತ್ತ, ಚಳಿಯಲ್ಲಿ ಗಂಟೆಗಟ್ಟಲೆ ಕಣ್ಣು ಕದಲಿಸದೆ ಕುಳಿತಿರಬೇಕು. ಒಂದು ಸಲ ಕೈ ಜಾರಿದರೆ ಆ ರಾತ್ರಿಯ ಶ್ರಮವೆಲ್ಲ ನೀರಿನಲ್ಲಿ ಮಾಡಿದ ಹೋಮ.

ರಾಬರ್ಟ್ಸನು ಡಬ್ಲಿನ್ನಿನ ಗ್ರಬ್ ಎಂಬ ಪ್ರಸಿದ್ಧ ಯಂತ್ರಕಾರನಿಂದ ಇಪ್ಪತ್ತು ಅಂಗುಲದ ದರ್ಪಣವನ್ನು ಮಾಡಿಸಿಕೊಂಡು, ೧೮೮೮ರ ಡಿಸೆಂಬರಿನಲ್ಲಿ ಆಂಡ್ರೊಮೆಡಾ ನೀಹಾರಿಕೆಯ ಚಿತ್ರವನ್ನು ತೆಗೆದನು. ಮೋಡವೆಂದು ತಿಳಿದಿದ್ದುದು ಸುಳಿಸುಳಿಯಾಗಿ ಸುತ್ತಿಕೊಂಡಿರುವ ಮಹಾಚಕ್ರವಾಗಿ ಕಂಡಿತು. ಈ ಕಾರ್ಯಗಳಿಗಾಗಿ ಲಂಡನ್ನಿನ ರಾಯಲ್ ಖಗೋಳ ಸಂಘವು ೧೮೯೫ರಲ್ಲಿ ಆತನಿಗೆ ಸುವರ್ಣ ಪದಕವನ್ನಿತ್ತಿತು. ಚಿತ್ರವು ಸತ್ಯವಾಗಿದ್ದರೂ ಅದಕ್ಕೆ ಅವನು ಹೇಳಿದ ಅರ್ಥವು ಮಾತ್ರ ಸತ್ಯವಾಗಿರಲಿಲ್ಲ. ಲಾಪ್ಲಾಸನ ಮತಾನುಸಾರವಾಗಿ ಒಂದು ಸೂರ್ಯಮಂಡಲವು ಅನಿಲದಿಂದ ರೂಪುಗೊಳ್ಳುತ್ತಿರುವ ದೃಶ್ಯವೇ ಇದೆಂದು ಅವನು ನಂಬಿದನು. ಪಕ್ಕದಲ್ಲಿ ಕಾಣುವ ಎರಡು ಚಿಕ್ಕ ಬೆಳಕಿನ ಉಂಡೆಗಳು ಮುಂದೆ ಗ್ರಹಗಳಾಗತಕ್ಕವೆಂದು ಭಾವಿಸಿದನು. ಅಂದಿನ ವಿದ್ವಾಂಸರಲ್ಲಿ ಅನೇಕರು ತಲೆದೂಗಿದರು. ಹತ್ತಿರವೋ ದೂರವೋ ಎಂಬುದು ತಿಳಿಯದೆ ಯಾವ ಚಿತ್ರಕ್ಕೂ ಅರ್ಥವಿಲ್ಲವಷ್ಟೆ.

ದೂರವನ್ನು ಅಳೆಯುವ ಕೋಲು ದೊರೆತುದು ೧೯೧೨ರಲ್ಲಿ. ಕೆಲವು ನಕ್ಷತ್ರಗಳ ಕಾಂತಿಯು ನಿಯತಕಾಲದಲ್ಲಿ ಏರಿ ಇಳಿಯುವುದೆಂದೂ, ಆ ಕಾಲವು ದೀರ್ಘವಾದಷ್ಟೂ ನಕ್ಷತ್ರದ ಸಹಜಕಾಂತಿಯು ಅಧಿಕವೆಂದೂ ಹಾರ್ವರ್ಡ್ ವೇಧಶಾಲೆಯ ಹೆನ್ರಿಯೆಟಾ ಲೀವಿಟ್ ಎಂಬಾಕೆಯು ತೋರಿಸಿಕೊಟ್ಟಳು. ೧೯೨೩ರ ಅಕ್ಟೋಬರ್ ತಿಂಗಳಲ್ಲಿ ಮೌಂಟ್ ವಿಲ್ಸನ್ನಿನ ನೂರು ಅಂಗುಲದ ದೂರದರ್ಶಕದಿಂದ ಎಡ್ವಿನ್ ಹಬಲ್ಲನು ಆಂಡ್ರೊಮೆಡಾದ ಫಲಕವೊಂದನ್ನು ತೆಗೆದು, ಅದರಲ್ಲಿ ಒಂದು ಚುಕ್ಕೆಯನ್ನು ಹೊಸ ನಕ್ಷತ್ರವೆಂದು ಗುರುತಿಸಿ, ಅನಂತರ ಹಳೆಯ ಫಲಕಗಳೊಡನೆ ಹೋಲಿಸಿ, ಆ ಗುರುತನ್ನು ಹೊಡೆದುಹಾಕಿ ಅದು ಚರಕಾಂತಿಯ ನಕ್ಷತ್ರವೆಂದು ಉದ್ಗಾರ ಚಿಹ್ನೆಯೊಡನೆ ಬರೆದನು. ಅದರ ಆವರ್ತವು ಸುಮಾರು ೩೧ ದಿನಗಳು. ಲೆಕ್ಕವು ಒಂಬತ್ತು ಲಕ್ಷ ಜ್ಯೋತಿರ್ವರ್ಷಗಳೆಂದು ಹೇಳಿತು. ಇಂದಿನ ಅಳತೆಯಂತೆ ಅದು ಇಪ್ಪತ್ತೈದು ಲಕ್ಷವಾದರೂ, ರಾಬರ್ಟ್ಸನ ಸೂರ್ಯಮಂಡಲವು ಆಕಾಶಗಂಗೆಗೆ ಸಮಾನವಾದ ಬೇರೊಂದು ಬ್ರಹ್ಮಾಂಡವೆಂಬುದು ಅಂದೇ ಸ್ಥಿರಪಟ್ಟಿತು. ವಿ-೧ ಎಂಬ ಒಣಹೆಸರುಳ್ಳ ಆ ಚುಕ್ಕೆಯಷ್ಟು ಮನುಷ್ಯನ ಜಗತ್ತನ್ನು ಹಿಗ್ಗಿಸಿದ ನಕ್ಷತ್ರವು ಬೇರೊಂದಿಲ್ಲವೆನ್ನಲು ಅಡ್ಡಿಯಿಲ್ಲ.

೧೯೯೦ರ ಏಪ್ರಿಲ್ ೨೪ರಂದು ಡಿಸ್ಕವರಿ ಎಂಬ ನೌಕೆಯು ಹಬಲ್ಲನ ಹೆಸರಿನ ದೂರದರ್ಶಕವನ್ನು ವಾಯುಮಂಡಲದಾಚೆಗೆ ಹೊತ್ತೊಯ್ದಾಗ, ೧೯೨೩ರ ಆ ಫಲಕದ ಪ್ರತಿಗಳನ್ನೂ ಜೊತೆಗೆ ಕೊಂಡೊಯ್ದಿತು. ಆ ಯಂತ್ರದ ದರ್ಪಣದ ದೋಷವೂ ೧೯೯೩ರಲ್ಲಿ ನಡೆದ ದುರಸ್ತಿಯೂ ಸರ್ವವಿದಿತವಾದುವು. ಅಷ್ಟಾಗಿ ತಿಳಿಯದಿರುವ ಸಂಗತಿಯೊಂದುಂಟು. ೨೦೧೦ರಲ್ಲಿ ಹಬಲ್ ದೂರದರ್ಶಕದಿಂದ ವಿ-೧ ನಕ್ಷತ್ರವನ್ನೇ ಚಿತ್ರಿಸಬೇಕೆಂದು ವಿಜ್ಞಾನಿಗಳು ಬಯಸಿದಾಗ, ಅದು ಯಾವ ದಿನ ಅತ್ಯುಜ್ಜ್ವಲವಾಗಿರುವುದು, ಯಾವ ದಿನ ಕುಂದಿರುವುದು ಎಂಬುದೇ ನಿಶ್ಚಿತವಾಗಿರಲಿಲ್ಲ. ಅಂತಹ ಮಹಾಯಂತ್ರವನ್ನು ಆರು ತಿಂಗಳು ಒಂದೇ ನಕ್ಷತ್ರಕ್ಕೆ ಕಾವಲಿರಿಸುವಂತೆಯೂ ಇರಲಿಲ್ಲ. ಆಗ ಅವರು ಮೊರೆಹೊಕ್ಕುದು ಅಮೆರಿಕದ ಚರನಕ್ಷತ್ರ ವೀಕ್ಷಕರ ಸಂಘವನ್ನು. ೧೯೧೧ರಲ್ಲಿ ಸ್ಥಾಪಿತವಾದ ಈ ಸಂಘದಲ್ಲಿ ಹವ್ಯಾಸಿಗಳೇ ಬಹುಸಂಖ್ಯಾತರು. ಬರಿಗಣ್ಣಿಗೆ ಕಾಣುವ ಅತಿಮಂದ ತಾರೆಗಿಂತಲೂ ಲಕ್ಷಪಾಲಿಗೆ ಮಿಗಿಲಾಗಿ ಮಂದವಾದ ಆ ಚುಕ್ಕೆಯನ್ನು ಹತ್ತು ಮಂದಿ ವೀಕ್ಷಕರು ಜುಲೈಯಿಂದ ಡಿಸೆಂಬರ್‌ವರೆಗೆ ಹಿಂಬಾಲಿಸಿ, ೨೧೪ ಅಳತೆಗಳನ್ನು ಒಪ್ಪಿಸಿದರು. ಅವರಿತ್ತ ಪಂಚಾಂಗದಂತೆ ಹಬಲ್ ಯಂತ್ರವು ಡಿಸೆಂಬರ್ ಜನವರಿಗಳಲ್ಲಿ ಆ ನಕ್ಷತ್ರದ ಏರಿಳಿತವನ್ನು ಚಿತ್ರಿಸಿತು.

ಈ ಸಂಘಕ್ಕೂ ಭಾರತಕ್ಕೂ ಹಳೆಯ ನಂಟುಂಟು. ಅವಿಭಕ್ತ ಬಂಗಾಳದ ಜೆಸ್ಸೋರಿನಲ್ಲಿ ಸರಕಾರಿ ಖಜಾನೆಯ ನೌಕರನಾಗಿದ್ದ ರಾಧಾಗೋವಿಂದ ಚಂದ್ರ ಎಂಬವರು ಹಗಲು ನಾಣ್ಯಗಳನ್ನೂ ರಾತ್ರಿ ನಕ್ಷತ್ರಗಳನ್ನೂ ಪರೀಕ್ಷಿಸುತ್ತ ಆಯುಷ್ಯವನ್ನು ಸವೆಸಿದವರು. ಅವರ ನಿಷ್ಠೆಯನ್ನು ಮೆಚ್ಚಿ ಸಂಘವು ೧೯೨೬ರಲ್ಲಿ ಆರಂಗುಲಕ್ಕೆ ತುಸು ಮಿಗಿಲಾದ ದೂರದರ್ಶಕವನ್ನು ಎರವಲಾಗಿ ಕಳುಹಿಸಿಕೊಟ್ಟಿತು; ಅವರು ಸಂಘಕ್ಕೆ ಕಳುಹಿದ ಅಳತೆಗಳು ೩೭,೦೦೦ವನ್ನು ಮೀರಿದುವು. ಮುಪ್ಪಿನಲ್ಲಿ ಅವರು ಬಿಟ್ಟುಕೊಟ್ಟ ಆ ಯಂತ್ರವು ವೈನು ಬಾಪು ಅವರ ಕೈಸೇರಿತು. ಬಾಪು ಅವರು ಕಟ್ಟಿ ಬೆಳೆಸಿದ ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆಯು ಮುಂದೆ ಇತರ ಸಂಸ್ಥೆಗಳೊಡಗೂಡಿ, ನೇರಳಾತೀತ ಕಿರಣಗಳನ್ನು ಗ್ರಹಿಸುವ ಜೋಡಿ ದೂರದರ್ಶಕವನ್ನು ಹೊಸಕೋಟೆಯ ತನ್ನ ಪ್ರಯೋಗಶಾಲೆಯಲ್ಲಿ ಅಣಿಗೊಳಿಸಿತು. ೨೦೧೫ರ ಸೆಪ್ಟೆಂಬರ್ ೨೮ರಂದು ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಮೇಲೇರಿದ ಆ ಯಂತ್ರವೂ ಆಂಡ್ರೊಮೆಡಾವನ್ನು ತುಂಡುತುಂಡಾಗಿ ಚಿತ್ರಿಸಿತು.

ತುಂಡುತುಂಡಾಗಿ ಎಂಬ ಮಾತಿನಲ್ಲಿಯೇ ಮುಂದಿನ ಕಥೆಯಿದೆ. ಆಕಾಶದಲ್ಲಿ ಈ ನೀಹಾರಿಕೆಯ ಉದ್ದವು ಆರು ಪೂರ್ಣಚಂದ್ರರನ್ನು ಸಾಲಾಗಿ ಇರಿಸಿದಷ್ಟು. ಹಬಲ್ ಯಂತ್ರದ ನೋಟವಾದರೋ ಅತಿ ಸೂಕ್ಷ್ಮವಾದುದು, ಅತಿ ಸಂಕುಚಿತವಾದುದು. ಸೂಜಿಯ ಕಣ್ಣಿನಿಂದ ತೇರನ್ನು ನೋಡಿದಂತೆ. ೨೦೧೫ರಲ್ಲಿ ನೀಹಾರಿಕೆಯ ಮೂರನೆಯ ಒಂದು ಪಾಲನ್ನು ತೋರಿಸಲು ೭,೩೯೮ ಚಿತ್ರಗಳನ್ನು ಜೋಡಿಸಬೇಕಾಯಿತು. ೨೦೨೫ರಲ್ಲಿ ಪ್ರಕಟವಾದ ಪೂರ್ಣತರ ಚಿತ್ರದಲ್ಲಿ ಇಪ್ಪತ್ತು ಕೋಟಿ ನಕ್ಷತ್ರಗಳು ಬಿಡಿಬಿಡಿಯಾಗಿ ಎಣಿಕೆಗೆ ಸಿಕ್ಕಿರುವುವು. ಇಷ್ಟು ನೋಟಕ್ಕೆ ಗುರಿಯಾದ ವಸ್ತುವಿನ ಪಕ್ಕದಲ್ಲಿ ಹೊಸದೇನೂ ಉಳಿದಿರಲಾರದೆಂದು ಯಾರಾದರೂ ಎಣಿಸಿಯಾರು.

೨೦೨೨ರಲ್ಲಿ ಯಾನ್ ಸೇಂಟಿ ಎಂಬ ಫ್ರೆಂಚ್ ಹವ್ಯಾಸಿಯು ಅಂಗೈಯಗಲದ, ೧೦೬ ಮಿಲಿಮೀಟರ್ ಮಸೂರದ ದೂರದರ್ಶಕವನ್ನು ಆಂಡ್ರೊಮೆಡಾದ ಕಡೆಗೆ ತಿರುಗಿಸಿ, ಆಮ್ಲಜನಕದ ಪರಮಾಣುಗಳಿಂದ ಹೊಮ್ಮುವ ಹಸಿರುನೀಲಿ ಬೆಳಕನ್ನು ಮಾತ್ರ ಒಳಬಿಡುವ ಶೋಧಕದ ಮೂಲಕ ರಾತ್ರಿಯ ಮೇಲೆ ರಾತ್ರಿ ಚಿತ್ರ ತೆಗೆದನು. ಒಟ್ಟು ಕಾಲವು ನೂರು ಗಂಟೆಗಳಿಗೆ ಮೀರಿದುದು. ಮಾರ್ಸೆಲ್ ಡ್ರೆಕ್ಸ್ಲರ್, ಝೇವಿಯರ್ ಸ್ಟ್ರಾಟ್ನರ್ ಎಂಬ ಇನ್ನಿಬ್ಬರು ಹವ್ಯಾಸಿಗಳೊಡನೆ ಆ ಚಿತ್ರಗಳನ್ನು ಕೂಡಿಸಿ ನೋಡಲಾಗಿ, ನೀಹಾರಿಕೆಯ ಆಗ್ನೇಯದಲ್ಲಿ ಮೂರು ಚಂದ್ರರಷ್ಟು ಉದ್ದದ ಒಂದು ನೀಲಿ ಕಮಾನು ಕಾಣಿಸಿತು. ಯಂತ್ರದ ದೋಷವೋ ಬೆಳಕಿನ ಪ್ರತಿಫಲನವೋ ಎಂಬ ಸಂಶಯದಿಂದ ಬೇರೆ ಯಂತ್ರಗಳುಳ್ಳವರಿಂದಲೂ ಪರೀಕ್ಷೆ ಮಾಡಿಸಿದರು. ಅಲ್ಲಿಯೂ ಅದು ಇದ್ದಿತು. ವೃತ್ತಿವಿಜ್ಞಾನಿಗಳು ಜೊತೆಗೂಡಿ ೨೦೨೩ರ ಜನವರಿಯಲ್ಲಿ ಶೋಧವನ್ನು ಪ್ರಕಟಿಸಿದರು. ದೊಡ್ಡ ಯಂತ್ರಗಳು ಅದನ್ನು ಕಾಣದಿದ್ದುದಕ್ಕೆ ಅಸಾಮರ್ಥ್ಯವು ಕಾರಣವಲ್ಲ. ಅವುಗಳ ನೋಟವು ಕಿರಿದು. ಕಮಾನು ಅಗಲವಾದುದು, ಅತಿ ಮಸುಕಾದುದು. ಒಂದೇ ಬಣ್ಣದ ಬೆಳಕಿನಲ್ಲಿ, ಒಂದೇ ಕಡೆ, ನೂರು ಗಂಟೆ ನೋಡುತ್ತ ಕೂಡಲು ಯಾವ ಸಮಿತಿಯೂ ಸುಲಭವಾಗಿ ಸಮಯ ಕೊಡದು. ತನ್ನ ಯಂತ್ರ, ತನ್ನ ರಾತ್ರಿ ಎಂದಿರುವವನು ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ.

ಆ ಕಮಾನು ಏನೆಂಬ ಚರ್ಚೆಯು ಪ್ರಕಟಣೆಯ ಹಿಂದೆಯೇ ಮೊದಲಾಯಿತು. ಆಂಡ್ರೊಮೆಡಾ ಬ್ರಹ್ಮಾಂಡಕ್ಕೂ ಆಕಾಶಗಂಗೆಗೂ ನಡುವಣ ಅಂಚಿನಲ್ಲಿ ಅನಿಲವು ಒತ್ತರಿಸಿ ಹೊಳೆಯುತ್ತಿದೆಯೆಂದು ಕೆಲವರು ಎಂದರು. ಹಾಗಾದರೆ ಅದರ ದೂರವು ಲಕ್ಷಾಂತರ ಜ್ಯೋತಿರ್ವರ್ಷಗಳು. ಅಲ್ಲ, ಅದು ಆಕಾಶಗಂಗೆಯೊಳಗಣ ಜೋಡಿನಕ್ಷತ್ರವೊಂದು ಹಿಂದೆಂದೋ ಹೊರಚೆಲ್ಲಿದ ಅನಿಲವು, ಆಂಡ್ರೊಮೆಡಾದ ಮುಂದೆ ಅಕಸ್ಮಾತ್ತಾಗಿ ಹರಡಿಕೊಂಡಿದೆ, ಅಷ್ಟೆ ಎಂದು ಇನ್ನು ಕೆಲವರು ವಾದಿಸಿದರು. ರಾಬರ್ಟ್ಸನ ಫಲಕವು ಎಬ್ಬಿಸಿದ್ದ ಪ್ರಶ್ನೆಯೂ ಅದೇ ಆಗಿದ್ದಿತು: ಹತ್ತಿರವೋ, ದೂರವೋ?