ಜಂಜಿಬಾರಿನಲ್ಲಿ ಎಲ್ಲಿ ಉಣ್ಣಬೇಕು?

ದುಬೈಯಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗ ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಕರೆದುಕೊಂಡು ಜಂಜಿಬಾರ್ ದ್ವೀಪಕ್ಕೆ ಹೊರಟಿದ್ದ. ಹೊರಡುವ ಮುನ್ನ ಫೋನ್ ಮಾಡಿ, "ಮಾಮೂ, ನೀವು ಚರಿತ್ರೆ ಓದೋರು. ಅಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತೆ ಹೇಳಿ" ಎಂದ. ನಾನು ಆ ದ್ವೀಪವನ್ನು ಕಣ್ಣಾರೆ ಕಂಡವನಲ್ಲ, ಓದಿನಿಂದ ಬಲ್ಲೆ ಅಷ್ಟೆ. "ಚರಿತ್ರೆಗೂ ಹೋಟೆಲಿಗೂ ಏನಪ್ಪಾ ಸಂಬಂಧ?" ಎಂದು ನಕ್ಕು ಫೋನ್ ಇಟ್ಟೆ. ಆಮೇಲೆ ಕೂತು ಯೋಚಿಸಿದಾಗ ಸಂಬಂಧ ಇದೆ ಅನ್ನಿಸಿತು. ಒಂದು ಊರಿನಲ್ಲಿ ಯಾರು ಕೂತು ಉಂಡರು, ಯಾರು ನಿಂತು ಬಡಿಸಿದರು, ಯಾರು ಬೆಳೆದುಕೊಟ್ಟೂ ಉಣ್ಣದೆ ಹೋದರು ಎಂಬುದು ತಿಳಿದರೆ ಆ ಊರಿನ ಚರಿತ್ರೆಯ ಮುಕ್ಕಾಲು ಪಾಲು ತಿಳಿದಂತೆ. ಅವನಿಗೆಂದು ಬರೆಯಲು ಶುರುಮಾಡಿದ ಉತ್ತರವೇ ಬೆಳೆದು ಈ ಲೇಖನವಾಗಿದೆ.

ಆಫ್ರಿಕಾದ ಪೂರ್ವ ಕರಾವಳಿಯಲ್ಲಿ, ಇಂದಿನ ತಾಂಜಾನಿಯಾ ದೇಶದ ದಡದಾಚೆಗೆ ಇರುವ ಉಂಗುಜ, ಪೆಂಬ ಮತ್ತು ಅವುಗಳ ಸುತ್ತಲಿನ ಕಿರುದ್ವೀಪಗಳಿಗೆ ಒಟ್ಟಾಗಿ ಜಂಜಿಬಾರ್ ಎಂದು ಹೆಸರು. ಹೊರಗಿನವರು ಉಂಗುಜವನ್ನೇ ಜಂಜಿಬಾರ್ ಎಂದು ಕರೆಯುವುದು ರೂಢಿ. ಇದು ಫಾರಸಿಯಿಂದ ಬಂದ ಹೆಸರು. ಜಂಗ್ ಎಂದರೆ ಕರಿಯ ಜನ, ಬಾರ್ ಎಂದರೆ ಕರಾವಳಿ. ನಮ್ಮ ಪಕ್ಕದ ಮಲಬಾರಿನಲ್ಲಿರುವ 'ಬಾರ್' ಕೂಡ ಇದೇ. ವರ್ಷದ ಕೊನೆಯಲ್ಲಿ ಬೀಸುವ ಈಶಾನ್ಯ ಮಾರುತ ಅರಬ್ಬರ, ಗುಜರಾತಿಗಳ ಹಾಯಿಹಡಗುಗಳನ್ನು ಅಲ್ಲಿಗೆ ತಳ್ಳುತ್ತಿತ್ತು. ನಮ್ಮಲ್ಲಿ ಮಳೆ ತರುವ ನೈಋತ್ಯ ಮಾರುತ ಅವನ್ನು ಮರಳಿ ಕರೆತರುತ್ತಿತ್ತು. ಗಾಳಿ ತಿರುಗುವ ತನಕ ನಾವಿಕರು ಅಲ್ಲೇ ಕಾಯಬೇಕು. ಕಾಯುವವರಿಗೆ ಅನ್ನ ಬೇಕು, ಮನೆ ಬೇಕು, ನಮಾಜಿಗೆ ಜಾಗ ಬೇಕು. ಉಂಗುಜದ ದಕ್ಷಿಣ ತುದಿಯ ಕಿಜಿಮ್ಕಾಜಿ ಮಸೀದಿಯ ಶಾಸನ ಹಿಜರಿ 500ರದು, ಅಂದರೆ ಕ್ರಿ.ಶ. 1107ರದು. ಈ ಕರಾವಳಿಯಲ್ಲಿ ಇಸ್ಲಾಂ ಎಷ್ಟು ಹಳೆಯದು ಎನ್ನುವುದಕ್ಕೆ ಅದೇ ಸಾಕ್ಷಿ.

ಈ ದಡದ ಊಟದ ಬಗ್ಗೆ ನಮಗೆ ಹಳೆಯ ವರದಿ ಕೊಟ್ಟವನು ಮೊರಾಕೊದ ಯಾತ್ರಿಕ ಇಬ್ನ್ ಬತೂತ. ಅವನು 1331ರಲ್ಲಿ ಮೊಗಾದಿಶು, ಮೊಂಬಾಸ, ಕಿಲ್ವಾಗಳಿಗೆ ಹೋಗಿದ್ದ. ಮೊಗಾದಿಶುವಿನಲ್ಲಿ ಅವನಿಗೆ ತುಪ್ಪದಲ್ಲಿ ಬೇಯಿಸಿದ ಅನ್ನವನ್ನು ದೊಡ್ಡ ಮರದ ತಟ್ಟೆಯಲ್ಲಿ ಇಟ್ಟರು. ನೆಂಚಿಕೊಳ್ಳಲು ಕೋಳಿ, ಮಾಂಸ, ಮೀನು, ತರಕಾರಿ. ಜೊತೆಗೆ ನಿಂಬೆ, ಮೆಣಸಿನ ಗೊಂಚಲು, ಹಸಿಶುಂಠಿ ಮತ್ತು ಮಾವಿನ ಉಪ್ಪಿನಕಾಯಿ. ಸುಮಾರು ಹತ್ತು ವರ್ಷಗಳ ನಂತರ ಅದೇ ಮನುಷ್ಯ ನಮ್ಮ ಹೊನ್ನಾವರಕ್ಕೆ ಬಂದ. ಅಲ್ಲಿನ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನೂ ಬರೆದಿಟ್ಟಿದ್ದಾನೆ: ಅನ್ನ, ಅದರ ಮೇಲೆ ತುಪ್ಪ, ಮಗ್ಗುಲಲ್ಲಿ ಮೆಣಸಿನ ಗೊಂಚಲು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಸಮುದ್ರದ ಆಚೆ ದಡದಲ್ಲೂ ಈಚೆ ದಡದಲ್ಲೂ ಒಂದೇ ಊಟ. ಓದುವಾಗ ಯಾರಿಗಾದರೂ ಸಂತೋಷವಾಗಬೇಕು. ಆದರೆ ಹೊನ್ನಾವರದ ಆ ವರ್ಣನೆಯಲ್ಲಿ ಇನ್ನೊಂದು ಮಾತಿದೆ. ರೇಷ್ಮೆ ಉಟ್ಟು, ಸೌಟು ಹಿಡಿದು ಅನ್ನ ಬಡಿಸುತ್ತಿದ್ದವಳು ಒಬ್ಬ ಗುಲಾಮ ಹುಡುಗಿ. ಯಾತ್ರಿಕ ಉಪ್ಪಿನಕಾಯಿಗಳನ್ನು ಒಂದೊಂದಾಗಿ ಹೆಸರಿಸಿದ, ಆ ಹುಡುಗಿಯ ಹೆಸರು ಬರೆಯಲಿಲ್ಲ.

ಜಂಜಿಬಾರಿನ ದೊಡ್ಡ ದಿನಗಳು ಬಂದದ್ದು ಒಮಾನಿನ ಸುಲ್ತಾನರ ಕಾಲದಲ್ಲಿ. 1698ರಲ್ಲಿ ಒಮಾನಿಗಳು ಮೊಂಬಾಸದ ಕೋಟೆಯಿಂದ ಪೋರ್ಚುಗೀಸರನ್ನು ಓಡಿಸಿದರು. ಒಮಾನಿಗೂ ನಮಗೂ ಹಳೆಯ ಅನ್ನದ ಋಣವಿದೆ. ಮಂಗಳೂರಿನ ಅಕ್ಕಿ ಮಸ್ಕತ್ತಿಗೆ ಹೋಗುತ್ತಿತ್ತು, ಟಿಪ್ಪು ಸುಲ್ತಾನನ ವ್ಯಾಪಾರ ಕೋಠಿಯೊಂದು ಅಲ್ಲಿತ್ತು. ಆಗ ಮಸ್ಕತ್ತನ್ನು ಆಳುತ್ತಿದ್ದ ಮನೆತನಕ್ಕೇ ಸೇರಿದ ಸಯ್ಯಿದ್ ಸಯೀದ್ 1840ರ ಹೊತ್ತಿಗೆ ತನ್ನ ದರ್ಬಾರನ್ನು ಜಂಜಿಬಾರಿಗೆ ಸಾಗಿಸಿದ. ಅವನು ಕಂಡುಕೊಂಡದ್ದು ಲವಂಗದ ಬೆಲೆಯನ್ನು. 19ನೇ ಶತಮಾನದ ನಡುವಿನ ಹೊತ್ತಿಗೆ ಪ್ರಪಂಚದ ಲವಂಗದ ಬಹುಪಾಲು ಈ ಎರಡು ದ್ವೀಪಗಳಿಂದಲೇ ಹೋಗುತ್ತಿತ್ತು.

ಲವಂಗ ಎಂದರೆ ಅರಳದ ಮೊಗ್ಗು. ಅರಳುವ ಮುನ್ನ ಮರ ಹತ್ತಿ ಗೊಂಚಲು ಗೊಂಚಲಾಗಿ ಕೈಯಲ್ಲೇ ಕೀಳಬೇಕು, ತೊಟ್ಟು ಬಿಡಿಸಬೇಕು, ಚಾಪೆಯ ಮೇಲೆ ಹರಡಿ ದಿನಗಟ್ಟಲೆ ಒಣಗಿಸಬೇಕು, ಮಳೆ ಹನಿದರೆ ಓಡಿ ಒಳಗೆ ತರಬೇಕು. ಮೆಣಸು, ಏಲಕ್ಕಿ ಬೆಳೆಯುವ ನಮ್ಮ ಮಲೆನಾಡಿನವರಿಗೆ ಈ ಕಷ್ಟ ಹೇಳಬೇಕಾಗಿಲ್ಲ. ಈ ಕೆಲಸಕ್ಕೆ ಬೇಕಾದ ಸಾವಿರಾರು ಕೈಗಳನ್ನು ಎದುರಿನ ನೆಲದ ಒಳನಾಡಿನಿಂದ ಸರಪಳಿ ಹಾಕಿ ತಂದರು. ಕೆಲವರು ಲವಂಗದ ತೋಟಕ್ಕೆ, ಕೆಲವರು ಮನೆಗೆಲಸಕ್ಕೆ, ಉಳಿದವರು ಹಡಗು ಹತ್ತಿ ದೂರದ ದೇಶಗಳಿಗೆ.

ಇದನ್ನು ಬರೆಯುವಾಗ ಯಾರದೋ ಪಾಪದ ಲೆಕ್ಕ ಬರೆಯುತ್ತಿದ್ದೇನೆ ಎಂದು ನಾನು ಅಂದುಕೊಳ್ಳಲಾರೆ. ಗುಲಾಮರನ್ನು ಬಿಡುಗಡೆ ಮಾಡುವುದನ್ನು ಪುಣ್ಯವೆಂದು ಹೇಳಿ, ಜಕಾತಿನಲ್ಲೇ ಅದಕ್ಕೊಂದು ಪಾಲು ಎತ್ತಿಟ್ಟ ಧರ್ಮ ನಮ್ಮದು. ಆ ಧರ್ಮದವರೇ ಆದ ಸುಲ್ತಾನರು, ವ್ಯಾಪಾರಿಗಳು ಈ ದಂಧೆಯಿಂದ ಅರಮನೆ ಕಟ್ಟಿದರು. ಅವರೊಬ್ಬರೇ ಅಲ್ಲ ನಿಜ. ಬಂದರಿನ ಸುಂಕ ವಸೂಲಿಯ ಗುತ್ತಿಗೆ ಕಛ್ ಮೂಲದ ಜೈರಾಮ್ ಶಿವಜಿಯ ವ್ಯಾಪಾರಿ ಮನೆತನದ ಕೈಯಲ್ಲಿತ್ತು. ಕೊಳ್ಳುವವರಲ್ಲಿ ಫ್ರೆಂಚರಿದ್ದರು. ಪೋರ್ಚುಗೀಸರೂ ಪೂರ್ವ ಆಫ್ರಿಕಾದ ಜನರನ್ನು ಗೋವೆಗೆ ತಂದರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿರುವ ನಮ್ಮ ಸಿದ್ದಿಗಳ ಹಿರಿಯರಲ್ಲಿ ಬಹುಮಂದಿ ಹಾಗೆ ಬಂದವರೇ. ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಇತರರೂ ಇದ್ದರು ಎಂಬುದು ನಮ್ಮವರ ಹೊರೆಯನ್ನು ಹಗುರ ಮಾಡುವುದಿಲ್ಲ.

ಅರಮನೆಯ ಒಳಗಿನ ದಸ್ತರ್ಖಾನ್ ಹೇಗಿತ್ತು ಎಂದು ತಿಳಿಸಿದವಳು ಸಯ್ಯಿದ್ ಸಯೀದನ ಮಗಳು ಸಲ್ಮೆ. 1866ರಲ್ಲಿ ಒಬ್ಬ ಜರ್ಮನ್ ವ್ಯಾಪಾರಿಗಾಗಿ ದ್ವೀಪ ಬಿಟ್ಟುಹೋದ ಈಕೆ 1886ರಲ್ಲಿ ತನ್ನ ನೆನಪುಗಳನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದಳು. ಸುಲ್ತಾನನ ಜೊತೆ ಮಕ್ಕಳು ಊಟಕ್ಕೆ ಕೂರುತ್ತಿದ್ದರು. ಆದರೆ ಆ ಮಕ್ಕಳನ್ನು ಹೆತ್ತ ದಾಸಿಯರಿಗೆ ಆ ಪಂಕ್ತಿಯಲ್ಲಿ ಜಾಗವಿರಲಿಲ್ಲ. ಸಲ್ಮೆಯ ತಾಯಿಯೂ ಅಂಥ ದಾಸಿಯೇ. ಮಗಳು ಕೂತು ಉಣ್ಣುವಲ್ಲಿ ತಾಯಿ ಕೂರುವಂತಿಲ್ಲ.

ಬ್ರಿಟಿಷರ ಒತ್ತಡಕ್ಕೆ ಮಣಿದು ಸುಲ್ತಾನ ಬರ್ಗಶ್ 1873ರಲ್ಲಿ ಗುಲಾಮರ ಸಂತೆಯನ್ನು ಮುಚ್ಚಿದ. ಸಂತೆಯ ಜಾಗದಲ್ಲಿ ಇಂಗ್ಲಿಷ್ ಪಾದ್ರಿಗಳು ಚರ್ಚು ಕಟ್ಟಿಸಿದರು. ದಾಸ್ಯಕ್ಕೆ ಕಾನೂನಿನ ಮಾನ್ಯತೆ ತಪ್ಪಿದ್ದು ಮಾತ್ರ 1897ರಲ್ಲಿ, ದ್ವೀಪ ಬ್ರಿಟಿಷರ ರಕ್ಷಣೆಗೆ ಒಳಪಟ್ಟು ಏಳು ವರ್ಷಗಳಾದ ಮೇಲೆ. ಬಿಡುಗಡೆಯಾದವರಿಗೆ ನೆಲ ಸಿಗಲಿಲ್ಲ. ತೋಟ ಬಹುಮಟ್ಟಿಗೆ ಅರಬ್ಬರದು, ಸಾಲದ ಪುಸ್ತಕ ಭಾರತೀಯರದು, ಬೆವರು ಆಫ್ರಿಕನ್ನರದು. ಬ್ರಿಟಿಷರು ಇದನ್ನು ಹೀಗೇ ಇಟ್ಟುಕೊಂಡು ಆಳಿದರು.

1963ರ ಜುಲೈ ಚುನಾವಣೆಯಲ್ಲಿ ಆಫ್ರಿಕನ್ನರ ಪಕ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೂ ಸರ್ಕಾರ ಸಿಗಲಿಲ್ಲ. ಡಿಸೆಂಬರ್ 10ರಂದು ಸ್ವಾತಂತ್ರ್ಯ ಬಂತು. ತಿಂಗಳು ಕಳೆಯುತ್ತಿದ್ದಂತೆ, 1964ರ ಜನವರಿ 12ರಂದು, ಕ್ರಾಂತಿಯಾಯಿತು. ಸುಲ್ತಾನ ಹಡಗು ಹತ್ತಿ ಓಡಿಹೋದ. ಸಾವಿರಾರು ಅರಬ್ಬರು ಸತ್ತರು, ಭಾರತೀಯ ಮೂಲದವರೂ ಸತ್ತರು. ಸತ್ತವರಲ್ಲಿ ತೋಟದ ಧಣಿಗಳಿಗಿಂತ ಸಣ್ಣ ಅಂಗಡಿಯವರು, ಬಡವರೇ ಹೆಚ್ಚಿರಬೇಕು. ಇಂಥ ದಿನಗಳಲ್ಲಿ ಎಲ್ಲ ಕಡೆಯೂ ಆಗುವುದು ಅದೇ. ಉಳಿದವರಲ್ಲಿ ಅನೇಕರು ಒಮಾನಿಗೆ, ಇಂಗ್ಲೆಂಡಿಗೆ, ಎದುರಿನ ದಾರೆಸ್ಸಲಾಮಿಗೆ ಹೋದರು. ಏಪ್ರಿಲ್‌ನಲ್ಲಿ ಜಂಜಿಬಾರ್ ತಾಂಗನೀಕದೊಂದಿಗೆ ಕೂಡಿಕೊಂಡಿತು. ಹೊಸ ಸರ್ಕಾರ ತೋಟಗಳನ್ನು ಹಂಚಿತು. ಆದರೆ 1970ರ ದಶಕದ ಆರಂಭದಲ್ಲಿ ಆಮದು ಬಿಗಿಯಾಗಿ, ಅಕ್ಕಿಗೂ ಸಕ್ಕರೆಗೂ ಜನ ಪಡಿತರದ ಸಾಲಿನಲ್ಲಿ ನಿಂತರು. 1960ರ ದಶಕದ ಕೊನೆಗೆ ದ್ವೀಪ ಬಿಟ್ಟ ಹುಡುಗರಲ್ಲಿ ಒಬ್ಬ ಅಬ್ದುಲ್‌ರಜಾಕ್ ಗುರ್ನಾ, 2021ರಲ್ಲಿ ಸಾಹಿತ್ಯದ ನೊಬೆಲ್ ಪಡೆದವರು. ಅವರ 'ಪ್ಯಾರಡೈಸ್' ಕಾದಂಬರಿಯ ಹುಡುಗ ಯೂಸುಫನ ಅಪ್ಪ ನಡೆಸುವುದು ಒಂದು ಸಣ್ಣ ಹೋಟೆಲು. ಅದು ನಷ್ಟವಾಗಿ, ಸಾಲಕ್ಕೆ ಬದಲಾಗಿ ಮಗನನ್ನೇ ಸಾಹುಕಾರನ ಜೊತೆ ಕಳಿಸಿಕೊಡುತ್ತಾನೆ. ಊಟ, ಸಾಲ, ದಾಸ್ಯ ಇವು ಆ ದಡದಲ್ಲಿ ಹೀಗೆ ಒಂದಕ್ಕೊಂದು ಹೆಣೆದುಕೊಂಡಿವೆ.

ಜನ ಹೋದರು, ಅಡುಗೆ ಹೋಗಲಿಲ್ಲ. ಇದೇ ನನ್ನನ್ನು ಬೆರಗುಗೊಳಿಸುವ ಸಂಗತಿ. ಇಂದಿಗೂ ಆ ದ್ವೀಪದಲ್ಲಿ ಪಿಲಾವ್, ಬಿರಿಯಾನಿ, ಚಪಾತಿ, ಸಂಬೂಸ ಎಲ್ಲರ ಮನೆಯ ತಿಂಡಿ. ಸ್ವಾಹಿಲಿಯಲ್ಲಿ ಬಜ್ಜಿಗೆ ಬಜಿಯಾ, ಉಪ್ಪಿನಕಾಯಿಗೆ ಅಚಾರಿ, ಸಕ್ಕರೆಗೆ ಸುಕಾರಿ, ಏಲಕ್ಕಿಗೆ ಇಲಿಕಿ, ಅಂಗಡಿಗೆ ದುಕಾ, ಹಣಕ್ಕೆ ಪೆಸಾ. ಉರ್ದು, ಕನ್ನಡ ಎರಡೂ ಬಲ್ಲವನಿಗೆ ಅರ್ಧ ಮೆನು ತಾನಾಗಿ ಅರ್ಥವಾಗುತ್ತದೆ. ತೆಂಗಿನಹಾಲಿನಲ್ಲಿ ಬೇಯಿಸಿದ ಮೀನು ಆಫ್ರಿಕನ್ ಕರಾವಳಿಯದು, ನಮ್ಮ ಕರಾವಳಿಯದೂ ಹೌದು. ಮರಗೆಣಸು ಪೋರ್ಚುಗೀಸರು ಅಮೆರಿಕದಿಂದ ತಂದದ್ದು. ಹಲ್ವಾ ಒಮಾನಿನದು. ಇವೆಲ್ಲ ಒಂದೇ ಬಟ್ಟಲಿನಲ್ಲಿ ಸೇರುವುದು 'ಉರೋಜೊ' ಎಂಬ ತಿನಿಸಿನಲ್ಲಿ. ಅರಿಶಿನ ಹಾಕಿ, ಮಾವಿನ ಹುಳಿಯಲ್ಲಿ ಕಾಯಿಸಿದ ತೆಳು ಗೊಜ್ಜಿನೊಳಗೆ ಆಲೂಗಡ್ಡೆ, ಬಜ್ಜಿ, ಸುಟ್ಟ ಮಾಂಸದ ತುಂಡು, ಕಾಯಿಚಟ್ನಿ, ಮೇಲೆ ಮರಗೆಣಸಿನ ಚಿಪ್ಸು. ಯಾರು ಯಾರನ್ನು ಓಡಿಸಿದರೋ, ಯಾರು ಯಾರನ್ನು ಕೊಂಡರೋ, ಅವರೆಲ್ಲರ ಅಡುಗೆಮನೆ ಅದರಲ್ಲಿದೆ.

ಈಗ ಅಳಿಯನ ಪ್ರಶ್ನೆಗೆ ಬರೋಣ. 1980ರ ದಶಕದ ನಡುವಿನಿಂದ ದ್ವೀಪ ಪ್ರವಾಸಿಗರಿಗೆ ಬಾಗಿಲು ತೆರೆಯಿತು. 2024ರಲ್ಲಿ 7 ಲಕ್ಷಕ್ಕೂ ಹೆಚ್ಚು ಮಂದಿ ಬಂದರು. ಉತ್ತರದ, ಪೂರ್ವದ ಬೆಳ್ಳನೆ ಮರಳಿನ ಗುಂಟ ದೊಡ್ಡ ಹೋಟೆಲುಗಳಿವೆ. ಮುಂಗಡ ಹಣ ಕಟ್ಟಿದರೆ ಮೂರು ಹೊತ್ತೂ ಅಲ್ಲೇ ಊಟ, ಗೋಡೆಯಾಚೆ ಕಾಲಿಡಬೇಕಾಗಿಲ್ಲ. ಬಡಿಸುವವರು ಪಕ್ಕದ ಹಳ್ಳಿಯವರಿರಬಹುದು, ಆ ಮೇಜಿಗೆ ಅವರು ಕೂರುವವರಲ್ಲ. ಇದು ದಾಸ್ಯವಲ್ಲ, ಸಂಬಳದ ಕೆಲಸ. ಹಳ್ಳಿಗೆ ಆ ಸಂಬಳ ಬೇಕು. ಆದರೂ ಚರಿತ್ರೆ ಓದಿದವನಿಗೆ ಆ ಗೋಡೆ ಕಂಡರೆ ಸಲ್ಮೆಯ ತಾಯಿ ನೆನಪಾಗುತ್ತಾಳೆ.

ಆದ್ದರಿಂದ ಅವನಿಗೆ ಬರೆದೆ: ಬಡಿಸುವವನೂ ಕೂತು ಉಣ್ಣುವ ಜಾಗದಲ್ಲಿ ಉಣ್ಣು. ಹಳೆಯ ಊರಾದ ಸ್ಟೋನ್ ಟೌನಿನಲ್ಲೇ ಉಳಿದುಕೋ. 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರು ಅದು. ಬೆಳಿಗ್ಗೆ 1904ರಲ್ಲಿ ಕಟ್ಟಿದ ದಾರಾಜಾನಿ ಮಾರ್ಕೆಟ್ಟಿನ ಸುತ್ತ ಸುತ್ತಾಡಿ ಚಪಾತಿ, ಚಹಾ ಮುಗಿಸು. ಮಧ್ಯಾಹ್ನ ಹಳೆಯ ಗುಲಾಮರ ಸಂತೆಯ ಜಾಗ ನೋಡು, ಅಲ್ಲಿಂದ ಸ್ವಲ್ಪ ದೂರದಲ್ಲೇ ಲುಕ್ಮಾನ್ ಎಂಬ ಹೋಟೆಲು ಸ್ವಾಹಿಲಿ ಊಟಕ್ಕೆ ಹೆಸರುವಾಸಿ. ಮೊದಲು ನೋಡು, ಆಮೇಲೆ ಉಣ್ಣು. ಸಂಜೆ ಮಗ್ರಿಬ್ ಕಳೆದ ಮೇಲೆ ಸಮುದ್ರದಂಚಿನ ಫೊರೋಧಾನಿ ತೋಟಕ್ಕೆ ಹೋಗು. ಫೊರೋಧ ಎಂದರೆ ಸುಂಕ. ಲವಂಗ, ಆನೆದಂತದ ಜೊತೆಗೆ ಮನುಷ್ಯರಿಗೂ ಸುಂಕ ಎಣಿಸುತ್ತಿದ್ದ ಕಟ್ಟೆ ಇದ್ದ ಜಾಗ ಅದು. 1936ರಲ್ಲಿ ತೋಟವಾಯಿತು, 2009ರಲ್ಲಿ ದುರಸ್ತಿಯಾಯಿತು. ಅಲ್ಲಿ ರಾತ್ರಿಯೆಲ್ಲ ಕೆಂಡದ ಮೇಲೆ ಮೀನು, ಮಾಂಸ, ಆಕ್ಟೋಪಸ್. ಕಬ್ಬಿನಹಾಲಿಗೆ ಶುಂಠಿ, ನಿಂಬೆ. ದರ ಮೊದಲೇ ಕೇಳಿಕೋ. ಊರಿನ ಸಂಸಾರಗಳು ಯಾವ ಗಾಡಿಯ ಮುಂದೆ ನಿಂತಿವೆಯೋ ಅಲ್ಲಿ ನಿಲ್ಲು. ಆಕ್ಟೋಪಸ್ ತಿಂದರೆ, ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ಕೋಲು ಹಿಡಿದು ಅದನ್ನು ಹುಡುಕುವ ಹೆಂಗಸರನ್ನು ನೆನೆ. ಮನೆಗಳ ಮುಂದಿನ ಕಲ್ಲುಜಗಲಿಗೆ ಅಲ್ಲಿ ಬರಾಜಾ ಅನ್ನುತ್ತಾರೆ. ಅದರ ಮೇಲೆ ಕೂತು ಒಂದು ಕಾಫಿ ಕುಡಿ. ರಂಜಾನಿನಲ್ಲಿ ಹೋಗುವುದಾದರೆ ಹಗಲು ಬೀದಿಯಲ್ಲಿ ತಿನ್ನುವ ಮಾತಿಲ್ಲ, ಇಫ್ತಾರಿಗೆ ತೆಂಗಿನಹಾಲಿನ ಮರಗೆಣಸು ಸಿಗುತ್ತದೆ.

ಅವನು ಹೋಗಿಬಂದ ಮೇಲೆ ಫೋನ್ ಮಾಡಿದ. "ಮಾಮೂ, ನಾನು ಹೋಟೆಲ್ ಹೆಸರು ಕೇಳಿದ್ರೆ ನೀವು ಇತಿಹಾಸ ಕಳಿಸಿದ್ರಿ" ಎಂದು ಮೊದಲು ಬೈದ. ಆಮೇಲೆ ಹೇಳಿದ: ಉರೋಜೊ ಅಂಗಡಿಯ ಬೆಂಚಿನ ಮೇಲೆ ಒಬ್ಬ ಮುದುಕ ಪಕ್ಕದಲ್ಲಿ ಕೂತಿದ್ದನಂತೆ. ಇವನು ಬಟ್ಟಲು ತೋರಿಸಿ "ಈ ಬಜಿಯಾ ನಮ್ಮ ದೇಶದ್ದು" ಅಂದನಂತೆ. ಆತ ಒಂದು ತುಂಡನ್ನು ಎತ್ತಿ ಬಾಯಿಗೆ ಹಾಕಿಕೊಂಡು, ಅಲ್ಲ ಎಂದು ತಲೆಯಾಡಿಸಿ, ತನ್ನ ಬಟ್ಟಲನ್ನು ಇವರಿಬ್ಬರ ನಡುವೆ ಸರಿಸಿದನಂತೆ.