ಕಲಾದಗಿ ಶಿಲಾಸ್ತೋಮ ಮತ್ತು ಭೂವಿಜ್ಞಾನದ ಜನಪ್ರಸಾರ

ಕಲಾದಗಿ ಶಿಲಾಸ್ತೋಮವು ಉತ್ತರ ಕರ್ನಾಟಕದಲ್ಲಿ, ಮುಖ್ಯವಾಗಿ ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿ ಹರಡಿರುವ ಪ್ರಾಚೀನ ಪದರಶಿಲೆಗಳ ಸಮೂಹ. ನೆಲದ ಮೇಲೆ ಕಾಣುವ ಇದರ ವ್ಯಾಪ್ತಿ ಸುಮಾರು 8,000 ಚದರ ಕಿಲೋಮೀಟರ್. ಮರಳುಗಲ್ಲು, ಸುಣ್ಣಕಲ್ಲು, ಡಾಲೊಮೈಟ್, ಜೇಡಿಕಲ್ಲು ಮತ್ತು ಬೆಣಚುಶಿಲೆ ಇದರ ಮುಖ್ಯ ಶಿಲೆಗಳು. ಪಶ್ಚಿಮದಲ್ಲಿ ದಖನ್ನಿನ ಕಪ್ಪು ಬಸಾಲ್ಟ್ ಇದನ್ನು ಮುಚ್ಚಿದೆ. ಪೂರ್ವದಲ್ಲಿ ಇದರ ಅಡಿಪಾಯವಾದ ಇನ್ನೂ ಹಳೆಯ ನೈಸ್, ಶಿಸ್ಟ್ ಮತ್ತು ಗ್ರಾನೈಟ್ ಶಿಲೆಗಳು ಬಯಲಾಗಿವೆ. ಗುಡಿ, ಗುಹೆ, ಹೊಲ, ಸಿಮೆಂಟು, ನೆಲಹಾಸು ಹೀಗೆ ದಿನಬಳಕೆಯ ರೂಪದಲ್ಲೇ ಶಿಲೆಗಳು ಜನರ ಎದುರಿಗಿರುವುದರಿಂದ, ಪುಸ್ತಕದ ಹೊರಗೆ ಭೂವಿಜ್ಞಾನವನ್ನು ತಿಳಿಸಿಕೊಡಲು ಕರ್ನಾಟಕದಲ್ಲಿ ಅತ್ಯಂತ ಅನುಕೂಲವಾದ ಸೀಮೆಗಳಲ್ಲಿ ಇದೂ ಒಂದು.

ಅಧ್ಯಯನದ ಇತಿಹಾಸ

ಈ ಶಿಲೆಗಳನ್ನು ಮೊದಲು ವ್ಯವಸ್ಥಿತವಾಗಿ ವಿವರಿಸಿದವನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿ ಹೆಸರಾದ ಫೂಟ್, ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತ ತನ್ನ ಬೃಹತ್ ವರದಿಯನ್ನು 1876ರಲ್ಲಿ ಪ್ರಕಟಿಸಿದ. ಆಗ ಈ ಭಾಗದ ಜಿಲ್ಲಾ ಕೇಂದ್ರ ಕಲಾದಗಿ ಎಂಬ ಊರಿನಲ್ಲಿತ್ತು. ಅದು ವಿಜಾಪುರಕ್ಕೆ (ಇಂದಿನ ವಿಜಯಪುರ) ಸ್ಥಳಾಂತರಗೊಂಡದ್ದು 1885ರಲ್ಲಿ. ಕಚೇರಿಗಳು ಹೋದ ಮೇಲೂ ಊರಿನ ಹೆಸರು ಶಿಲೆಗಳಿಗೆ ಉಳಿಯಿತು. ಗೋಕಾಕದ ಸಮೀಪ ಸಿಕ್ಕ, ಈ ಶಿಲೆಗಳಿಗಿಂತ ತೀರ ಈಚಿನದಾದ ಘೇಂಡಾಮೃಗದ ಪಳೆಯುಳಿಕೆಯನ್ನು 1874ರಲ್ಲಿ ವಿವರಿಸಿದವನೂ ಫೂಟ್. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಆರ್.ವಿ. ಜೋಶಿ ಮಲಪ್ರಭೆಯ ದಂಡೆಗಳ ಗರಸು ಮತ್ತು ಮಣ್ಣಿನ ಪದರಗಳನ್ನೂ ಅವುಗಳಲ್ಲಿನ ಶಿಲಾಯುಧಗಳನ್ನೂ ಅಭ್ಯಾಸ ಮಾಡಿ 1955ರಲ್ಲಿ ಗ್ರಂಥ ಪ್ರಕಟಿಸಿದರು.

ಸ್ತರಕ್ರಮ

ಕಲಾದಗಿ ಶಿಲಾಸ್ತೋಮದಲ್ಲಿ ಎರಡು ಗುಂಪುಗಳಿವೆ. ಕೆಳಗಿನದು ಬಾಗಲಕೋಟೆ ಗುಂಪು. ಅದರಲ್ಲಿ ಲೋಕಾಪುರ ಮತ್ತು ಸಿಮಿಕೇರಿ ಎಂಬ ಎರಡು ಉಪಗುಂಪುಗಳು. ಮೇಲಿನದು ಬಾದಾಮಿ ಗುಂಪು; ಅದರ ಭಾಗಗಳು ಕೆರೂರು ಮತ್ತು ಕಟಗೇರಿ. ಇವುಗಳ ಒಳವಿಭಾಗಗಳಿಗೂ ಕೆಂದೂರು, ಹಲಕುರ್ಕಿ, ಯಡಹಳ್ಳಿ, ಮುದ್ದಾಪುರ ಮುಂತಾದ ಹಳ್ಳಿಗಳ ಹೆಸರುಗಳಿವೆ. ಬಾದಾಮಿಯ ಗುಹೆಗಳನ್ನು ಕೊರೆದ ಮರಳುಗಲ್ಲಿಗೆ ಗುಹಾಲಯಗಳ ಹೆಸರನ್ನೇ ಇಡಲಾಗಿದೆ.

ಎರಡು ಗುಂಪುಗಳ ನಡುವೆ ಬಹಳ ದೊಡ್ಡ ಕಾಲದ ಅಂತರವಿದೆ. ಬಾಗಲಕೋಟೆ ಗುಂಪಿನ ಪದರಗಳು ತಂಗಿ ಗಟ್ಟಿಯಾದ ಮೇಲೆ ಭೂಚಲನೆಯ ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡವು, ಓರೆಯಾದವು. ಮಳೆ-ಗಾಳಿಗಳು ಅವುಗಳ ತಲೆಯನ್ನು ಸವೆಸಿದವು. ಆ ಸವೆದ ನೆಲದ ಮೇಲೆ ಬಾದಾಮಿ ಗುಂಪಿನ ಮರಳು ಬಂದು ಕೂತಿತು. ಅದು ಇಂದಿಗೂ ಹೆಚ್ಚುಕಡಿಮೆ ಮಟ್ಟಸವಾಗಿಯೇ ಇದೆ. ಕೆಳಗೆ ಓರೆ, ಮೇಲೆ ಮಟ್ಟಸ: ಈ ಒಂದು ನೋಟದಲ್ಲೇ ತಂಗುವುದು, ಮಡಚುವುದು, ಸವೆಯುವುದು, ಮತ್ತೆ ತಂಗುವುದು ಎಂಬ ನಾಲ್ಕು ಘಟ್ಟಗಳನ್ನು ಓದಬಹುದು. ಕೆಳಗಿನ ಗುಂಪನ್ನು 160ರಿಂದ 100 ಕೋಟಿ ವರ್ಷಗಳ ಹಿಂದಿನ ಮಧ್ಯ ಪ್ರೊಟೆರೊಜೊಯಿಕ್ ಅವಧಿಗೂ ಮೇಲಿನದನ್ನು ಅದರ ನಂತರದ ನವ ಪ್ರೊಟೆರೊಜೊಯಿಕ್ ಅವಧಿಗೂ ಸೇರಿಸುವುದು ವಾಡಿಕೆ.

ಇಷ್ಟು ಹಳೆಯ ಕಾಲದಲ್ಲಿ ಎಲುಬು, ಚಿಪ್ಪುಗಳುಳ್ಳ ಪ್ರಾಣಿಗಳೇ ಇರಲಿಲ್ಲ. ಆದ್ದರಿಂದ ಇಲ್ಲಿನ ಕಲ್ಲಿನಲ್ಲಿ ಅವುಗಳ ಪಳೆಯುಳಿಕೆಗಳೂ ಇಲ್ಲ. ಲೋಕಾಪುರ ಉಪಗುಂಪಿನ ಡಾಲೊಮೈಟ್‌ನಲ್ಲಿ ಕಾಣುವ ಅಲೆಅಲೆಯಾದ, ಗುಮ್ಮಟದಂಥ ಗೆರೆಗಳು ಸ್ಟ್ರೊಮ್ಯಾಟೊಲೈಟ್‌ಗಳು. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಪೊರೆಗಳು ಕೆಸರನ್ನು ಹಿಡಿದಿಟ್ಟು ಪದರಪದರವಾಗಿ ಬೆಳೆದ ಗುರುತುಗಳಿವು.

ದಾರಿಯಲ್ಲಿ ಕಾಣುವ ಭೂಮಿ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಿಂದ ಬಾದಾಮಿಗೆ ಹೊರಳುವ ಕುಳಗೇರಿ ಕ್ರಾಸ್ ಈ ಶಿಲೆಗಳನ್ನು ಕ್ರಮವಾಗಿ ನೋಡಲು ತಕ್ಕ ಆರಂಭಸ್ಥಾನ. ನರಗುಂದ, ಕೊಣ್ಣೂರಿನ ಎರಿ (ಕಪ್ಪು ಮಣ್ಣಿನ) ಹೊಲಗಳನ್ನು ದಾಟಿ ಬಂದವರಿಗೆ ಬಾದಾಮಿಯ ಹತ್ತಿರ ಕೆಂಪು ಮರಳುಗಲ್ಲಿನ ಗೋಡೆಗಳು ಎದುರಾಗುತ್ತವೆ. ಜೇಡಿಕಲ್ಲು, ಸುಣ್ಣಕಲ್ಲು ಮತ್ತು ಬಸಾಲ್ಟ್ ಕರಗಿದಲ್ಲಿ ಎರಿ ಭೂಮಿ. ಮರಳುಗಲ್ಲು, ಗ್ರಾನೈಟ್ ಪುಡಿಯಾದಲ್ಲಿ ಮಸಾರಿ, ಅಂದರೆ ಕೆಂಪು ಮಣ್ಣು. ಎಲ್ಲಿ ಬಿಳಿಜೋಳ, ಎಲ್ಲಿ ಸಜ್ಜೆ ಎಂದು ನಿರ್ಧರಿಸುವ ರೈತರು ಈ ವ್ಯತ್ಯಾಸವನ್ನು ಭೂವಿಜ್ಞಾನಿಗಳಿಗಿಂತ ಮೊದಲೇ ಬಲ್ಲರು.

ಬಾದಾಮಿಯ ಬಂಡೆಗೋಡೆಗಳಲ್ಲಿ ಪದರಗಳ ಒಳಗೆ ಓರೆಯಾಗಿ ಸಾಗುವ ಸಣ್ಣ ಗೆರೆಗಳಿವೆ; ಮರಳನ್ನು ಹೊತ್ತು ತಂದ ನೀರು ಯಾವ ದಿಕ್ಕಿಗೆ ಹರಿಯುತ್ತಿತ್ತು ಎಂಬುದನ್ನು ಇವು ತಿಳಿಸುತ್ತವೆ. ನೆಟ್ಟಗೆ ಇಳಿಯುವ ಬಿರುಕುಗಳು ಅಗಲವಾಗಿ ಓಣಿಯಂಥ ಕಂದರಗಳಾಗಿವೆ. ಕಲ್ಲಿನ ಕೆಂಪಿಗೆ ಕಣಗಳನ್ನು ಸುತ್ತಿಕೊಂಡಿರುವ ಕಬ್ಬಿಣದ ಆಕ್ಸೈಡ್ ಕಾರಣ. ಐಹೊಳೆಯ ಜನ ಹೇಳುವ ಕಥೆಯಲ್ಲಿ ಪರಶುರಾಮ ರಕ್ತಸಿಕ್ತ ಕೊಡಲಿಯನ್ನು ತೊಳೆದಾಗ ಮಲಪ್ರಭೆ ಕೆಂಪಾಯಿತು. ನೆಲದ ಬಣ್ಣಕ್ಕೆ ಕಾರಣ ಹುಡುಕುವ ಕುತೂಹಲ ಇಲ್ಲಿ ಹಳೆಯದು ಎಂಬುದಕ್ಕೆ ಆ ಕಥೆಯೇ ಸಾಕ್ಷಿ.

ಚಾಲುಕ್ಯರ ಕಾಲದ ಕಲ್ಲುಕುಟಿಗರು ಈ ಮರಳುಗಲ್ಲಿನ ಗುಣವನ್ನು ಚೆನ್ನಾಗಿ ಅರಿತಿದ್ದರು. ಆ ವಂಶದ ಮಂಗಳೇಶನ, ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯನ್ನು ಮಟ್ಟಸ ಪದರಗಳ ಒಳಹೊಕ್ಕು ಕೊರೆಯಲಾಗಿದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನ ಗುಡಿಗಳೂ ಮರಳುಗಲ್ಲಿನವೇ.

ಐಹೊಳೆಯಿಂದ ಅಮೀನಗಡ, ಹುನಗುಂದದ ಕಡೆಗೆ ಹೋದಂತೆ ಮರಳುಗಲ್ಲು ಹಿಂದುಳಿದು ಕಬ್ಬಿಣದ ಪಟ್ಟಿಗಳಿರುವ ಶಿಸ್ಟ್ ಶಿಲೆಗಳು ಕಾಣುತ್ತವೆ. ಇಳಕಲ್ಲಿನಲ್ಲಿ ಸುಮಾರು 250 ಕೋಟಿ ವರ್ಷ ಹಳೆಯದಾದ ಕೆಂಪು ಗ್ರಾನೈಟ್ ಗಣಿಗಳಿವೆ; ಇಲ್ಲಿನ ಹೊಳಪಿನ ಹಾಸುಗಲ್ಲು ಹೊರದೇಶಗಳಿಗೂ ಹೋಗುತ್ತದೆ. ಹೀಗೆ ಪೂರ್ವಕ್ಕೆ ಸಾಗುವ ಪ್ರಯಾಣಿಕ ಮೇಲಿನ ಪದರದಿಂದ ಅಡಿಪಾಯಕ್ಕೆ ಇಳಿಯುತ್ತಾನೆ. ಉತ್ತರದಲ್ಲಿ ಬಾಗಲಕೋಟೆ, ಲೋಕಾಪುರ, ಮುದ್ದಾಪುರದ ಸುಣ್ಣಕಲ್ಲು ಸಿಮೆಂಟ್ ಕಾರ್ಖಾನೆಗಳಿಗೆ ಆಧಾರ.

ಕನ್ನಡದಲ್ಲಿ ಭೂವಿಜ್ಞಾನ

ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಆರಂಭವಾಯಿತು. ಕಲಾದಗಿ ಸೀಮೆ 1956ರವರೆಗೆ ಆ ಆಡಳಿತದ ಹೊರಗಿದ್ದುದರಿಂದ ಇಲಾಖೆಯ ಸಮೀಕ್ಷೆಯ ವ್ಯಾಪ್ತಿಗೆ ಬರಲಿಲ್ಲ. ಕನ್ನಡದಲ್ಲಿ ವಿಜ್ಞಾನ ಬರವಣಿಗೆಯ ದಾರಿಯನ್ನು ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ಹೊರಡಿಸಿದ ‘ವಿಜ್ಞಾನ’ ಮಾಸಪತ್ರಿಕೆ ತೆರೆಯಿತು. ಶಿವರಾಮ ಕಾರಂತರ ‘ಬಾಲ ಪ್ರಪಂಚ’ ಮತ್ತು ‘ವಿಜ್ಞಾನ ಪ್ರಪಂಚ’ ಸಂಪುಟಗಳು ಅದನ್ನು ಮನೆಗಳಿಗೆ ಒಯ್ದವು. 1978ರಿಂದ ಬರುತ್ತಿರುವ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಶಾಲೆಗಳನ್ನು ತಲುಪಿತು.

ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದ ಬಿ.ಪಿ. ರಾಧಾಕೃಷ್ಣ (1918–2012) 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಸ್ಥಾಪನೆಗೆ ಕಾರಣರಾದವರಲ್ಲಿ ಪ್ರಮುಖರು. ಅವರು ಆರ್. ವೈದ್ಯನಾಥನ್ ಅವರೊಂದಿಗೆ ಬರೆದ ಕರ್ನಾಟಕದ ಭೂವಿಜ್ಞಾನ ಕುರಿತ ಇಂಗ್ಲಿಷ್ ಗ್ರಂಥ ಇಂದಿಗೂ ಆಕರ. ಸರ್ವೇಕ್ಷಣ ಇಲಾಖೆಯಲ್ಲಿ ಭೂವಿಜ್ಞಾನಿಯಾಗಿದ್ದ ಟಿ.ಆರ್. ಅನಂತರಾಮು ಮತ್ತು ಭೂವಿಜ್ಞಾನ ಓದಿ ಪತ್ರಿಕೋದ್ಯಮಕ್ಕೆ ಬಂದ ನಾಗೇಶ ಹೆಗಡೆ ತಮ್ಮ ಕನ್ನಡ ಪುಸ್ತಕ ಮತ್ತು ಅಂಕಣಗಳ ಮೂಲಕ ಈ ವಿಷಯಕ್ಕೆ ದೊಡ್ಡ ಓದುಗವರ್ಗವನ್ನು ಒದಗಿಸಿದರು.

ಸಂರಕ್ಷಣೆ

ಸರ್ವೇಕ್ಷಣ ಇಲಾಖೆ ಗುರುತಿಸಿದ 26 ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಹಳೆಯ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಸ್ಥಳಗಳಿವೆ: ಲಾಲ್‌ಬಾಗ್ ಬಂಡೆ, ಮರಡಿಹಳ್ಳಿಯ ದಿಂಬು ಲಾವಾ, ಕೋಲಾರ ಸೀಮೆಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆ ಮತ್ತು ಉಡುಪಿ ಬಳಿಯ ಸೇಂಟ್ ಮೇರೀಸ್ ದ್ವೀಪ. ಕಲಾದಗಿ ಸೀಮೆಯ ಯಾವ ಸ್ಥಳವೂ ಆ ಪಟ್ಟಿಯಲ್ಲಿಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಶಿಲೆಗಳಿಗೆ ಸಿಕ್ಕ ರಕ್ಷಣೆ ಅಲ್ಲಿನ ಗುಡಿ-ಗುಹೆಗಳಿಂದ ಬಂದದ್ದು. ಸ್ಮಾರಕಗಳ ಸುತ್ತಲಿನ ಮರಳುಗಲ್ಲು ಹೀಗೆ ಉಳಿದರೆ, ಗುಡಿಗಳಿಲ್ಲದ ಕಡೆಯ ಸ್ಟ್ರೊಮ್ಯಾಟೊಲೈಟ್ ಮತ್ತು ಓರೆಪದರಗಳಿಗೆ ಅಂಥ ಆಸರೆ ಇಲ್ಲ. ಅಲ್ಲಿ ಅವುಗಳ ಬೆಲೆಯನ್ನು ಊರವರು, ಶಿಕ್ಷಕರು ಮತ್ತು ಗಣಿ ನಡೆಸುವವರು ತಿಳಿದಿರುವುದೇ ಸಂರಕ್ಷಣೆಯ ಮೊದಲ ಹೆಜ್ಜೆ. ಜನಪ್ರಸಾರದ ಪ್ರಾಯೋಗಿಕ ಉಪಯೋಗವೂ ಇದೇ.